ಜನರನ್ನು ಕಳಿಸಿ ಕಲ್ಲಿದ್ದಲು ತಂದ ದೇಶ

ಪ್ರಶ್ನೆ: ನನ್ನ ಮಗ ಮಿಲಾನ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ರೂಮ್‌ಮೇಟ್ ಅರ್ಜೆಂಟೀನಾದ ಹುಡುಗ. ಆ ಹುಡುಗನ ಮುತ್ತಜ್ಜ ಇಟಲಿಯಿಂದ ಹೋದವರಂತೆ. ಆ ಲೆಕ್ಕದಲ್ಲಿ ಇಟಲಿ ಪಾಸ್‌ಪೋರ್ಟ್ ಸಿಗುತ್ತದೆ ಎಂದು ಕಾಗದಪತ್ರ ಹೊಂದಿಸಿಕೊಳ್ಳುತ್ತಿದ್ದನಂತೆ. 2025ರಲ್ಲಿ ಕಾನೂನು ಬದಲಾಗಿ ದಾರಿ ಮುಚ್ಚಿಹೋಯಿತು ಎನ್ನುತ್ತಾನೆ. ಇನ್ನೊಂದು ಕಡೆ, ಸಮುದ್ರದಲ್ಲಿ ದೋಣಿ ಹತ್ತಿ ಬರುವವರನ್ನು ಇಟಲಿ ಅಲ್ಬೇನಿಯಾಕ್ಕೆ ಸಾಗಿಸುತ್ತಿದೆ ಎಂದು ಓದಿದೆ. ತನ್ನ ಜನರೇ ಅಷ್ಟೊಂದು ಸಂಖ್ಯೆಯಲ್ಲಿ ಹೊರಗೆ ಹೋದ ದೇಶ ಅಲ್ವಾ ಅದು? ಅವರೆಲ್ಲ ತಾವಾಗಿಯೇ ಹೋದರೋ, ಸರ್ಕಾರ ಕಳಿಸಿತೋ? ಇದಕ್ಕೂ ಆ ದೇಶದ ವಿದೇಶಾಂಗ ನೀತಿಗೂ ಏನಾದರೂ ಸಂಬಂಧ ಇದೆಯಾ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದ ಎಲ್ಲವೂ ಅದರೊಳಗೇ ಇದೆ. ಸಂಬಂಧ ಖಂಡಿತ ಇದೆ. ಆ ಅರ್ಜೆಂಟೀನಾ ಹುಡುಗನ ದಾರಿ ಮುಚ್ಚಿದ ಕಾನೂನನ್ನೇ ನೋಡಿ. ಅದನ್ನು ಮುಂದೆ ನಿಂತು ತಂದವರು ಇಟಲಿಯ ವಿದೇಶಾಂಗ ಸಚಿವ ಅಂಟೋನಿಯೊ ತಜಾನಿ. ಪೌರತ್ವ ಒಳಾಡಳಿತದ ವಿಷಯ ಅಂತ ನಮಗೆ ಅನಿಸುತ್ತದೆ. ಇಟಲಿಯಲ್ಲಿ ಹಾಗಲ್ಲ. ಊರು ಬಿಟ್ಟು ಹೋದವರ ವಿಷಯ ಅಲ್ಲಿ ಮೊದಲಿನಿಂದಲೂ ವಿದೇಶಾಂಗ ಕಚೇರಿಯ ವಿಷಯ.

ಕಾರಣ ಸರಳ. 1861ರಲ್ಲಿ ಇಟಲಿ ಒಂದು ದೇಶವಾದಾಗ ಅದರ ಬಳಿ ಕಲ್ಲಿದ್ದಲು ಇಲ್ಲವೇ ಇಲ್ಲ ಎನ್ನಬೇಕು. ಕಬ್ಬಿಣ ಕಡಿಮೆ, ಬಂಡವಾಳ ಕಡಿಮೆ. ಜನ ಮಾತ್ರ ಜಾಸ್ತಿ. ದೊಡ್ಡ ದೇಶಗಳ ಜೊತೆ ಕೊಡು-ಕೊಳ್ಳುವ ಮಾತಿಗೆ ಕೂತಾಗ ಕೊಡಲಿಕ್ಕೆ ಅದರ ಹತ್ತಿರ ಇದ್ದದ್ದು ತನ್ನ ಜನರ ದುಡಿಮೆಯೊಂದೇ. ನೂರು ವರ್ಷಗಳ ಕಾಲ ಒಂದೊಂದು ಸರ್ಕಾರ ಒಂದೊಂದು ರೀತಿಯಲ್ಲಿ ಅದನ್ನೇ ಕೊಟ್ಟಿತು. ಕೆಲವರು ಮರ್ಯಾದೆಯಿಂದ ಕೊಟ್ಟರು, ಕೆಲವರು ತೂಕದ ಲೆಕ್ಕದಲ್ಲಿ ಕೊಟ್ಟರು.

ಎಷ್ಟು ಜನ ಎಂದರೆ, ಸರ್ಕಾರ ಲೆಕ್ಕ ಇಡಲು ಶುರು ಮಾಡಿದ 1876ರಿಂದ 1915ರವರೆಗೆ ಸುಮಾರು 1.4 ಕೋಟಿ. 1976ರವರೆಗಿನ ನೂರು ವರ್ಷಕ್ಕೆ ಸುಮಾರು 2.6 ಕೋಟಿ. 1913ರ ಒಂದೇ ವರ್ಷ 8.7 ಲಕ್ಷ ಜನ ಹೊರಟರು. ಆಗ ಇಟಲಿಯ ಜನಸಂಖ್ಯೆ ಸುಮಾರು ಮೂರೂವರೆ ಕೋಟಿ. ಅಂದರೆ ಒಂದೇ ವರ್ಷದಲ್ಲಿ ನಲವತ್ತಕ್ಕೆ ಒಬ್ಬರು. ಇವರೆಲ್ಲ ಶಾಶ್ವತವಾಗಿ ಹೋದವರಲ್ಲ. ಬಹಳಷ್ಟು ಮಂದಿ ವಾಪಸ್ ಬಂದರು, ಮತ್ತೆ ಹೋದರು. ನಮ್ಮ ಉತ್ತರ ಕರ್ನಾಟಕದಲ್ಲಿ ಗುಳೆ ಹೋಗುವುದು ಅಂತಾರಲ್ಲ, ಹೆಚ್ಚುಕಡಿಮೆ ಹಾಗೆ. ಗುಳೆಯ ದಾರಿ ಮಾತ್ರ ಸಮುದ್ರದಾಚೆಗೆ. ಇಟಲಿಯಲ್ಲಿ ಬೇಸಿಗೆಯ ಸುಗ್ಗಿ ಮುಗಿಸಿ, ಹಡಗು ಹತ್ತಿ, ಅರ್ಜೆಂಟೀನಾದ ಬೇಸಿಗೆಯ ಗೋಧಿ ಕೊಯ್ಲಿಗೆ ಹೋಗಿ ಬರುತ್ತಿದ್ದ ಕೂಲಿಗಳನ್ನು ಅಲ್ಲಿನವರು ಬಾನಾಡಿ ಹಕ್ಕಿಯ ಹೆಸರಿನಿಂದ 'ಗೊಲೊಂಡ್ರಿನಾ' ಎಂದೇ ಕರೆಯುತ್ತಿದ್ದರು. ಕೆಲವರು ನಮ್ಮ ಕಡೆಗೂ ಬಂದರು. ಬ್ರಿಟಿಷರ ಕಾಲದ ಕೋಲಾರ ಚಿನ್ನದ ಗಣಿಯಲ್ಲಿ ಇಟಲಿಯ ಗಣಿ ಕೆಲಸಗಾರರೂ ಇದ್ದರು.

ತಾವಾಗಿಯೇ ಹೋದರಾ ಎಂದು ಕೇಳಿದ್ದೀರಿ. ಯಾರೂ ಬಂದೂಕು ತೋರಿಸಿ ಓಡಿಸಲಿಲ್ಲ. ಆದರೆ ಸರ್ಕಾರದ ಕೈವಾಡ ಇರಲಿಲ್ಲ ಎನ್ನುವಂತೆಯೂ ಇಲ್ಲ. ಹಿಟ್ಟು ಬೀಸಿಸಿದರೆ ತೆರಿಗೆ ಇತ್ತು. 1880ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಬಂದು ರೈತನ ಬೆಲೆ ಬಿತ್ತು. ಬರೀ ಮೆಕ್ಕೆಜೋಳದ ಗಂಜಿ ತಿಂದು ವೆನೆಟೊ ಕಡೆಯ ಕೂಲಿಗಳಿಗೆ ಪೆಲಾಗ್ರಾ ಎಂಬ ಚರ್ಮದ, ಬುದ್ಧಿಭ್ರಮಣೆಯ ಕಾಯಿಲೆ ಹಿಡಿಯುತ್ತಿತ್ತು. ಇದರ ಮೇಲೆ ವಿದೇಶಾಂಗ ನೀತಿ ಒಂದು ದೊಡ್ಡ ಹೊಡೆತ ಕೊಟ್ಟಿತು. 1881ರಲ್ಲಿ ಫ್ರಾನ್ಸ್ ಟ್ಯುನೀಷಿಯಾವನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. ಅಲ್ಲಿ ಫ್ರೆಂಚರಿಗಿಂತ ಇಟಲಿಯವರೇ ಜಾಸ್ತಿ ಇದ್ದರು. ಇಟಲಿಯಲ್ಲಿ ಇದನ್ನು 'ಟ್ಯುನಿಸ್‌ನ ಕಪಾಳಮೋಕ್ಷ' ಎಂದರು. ಮರುವರ್ಷವೇ ಇಟಲಿ ಜರ್ಮನಿ, ಆಸ್ಟ್ರಿಯಾಗಳ ಕೂಟ ಸೇರಿತು. ಫ್ರಾನ್ಸ್ ಜೊತೆ ಮುನಿಸು ಬೆಳೆದು 1888ರ ಹೊತ್ತಿಗೆ ಸುಂಕದ ಯುದ್ಧವಾಯಿತು. ದಕ್ಷಿಣದ ಪುಲಿಯಾದ ರೈತರು ಫ್ರಾನ್ಸಿನ ಮಾರುಕಟ್ಟೆ ನಂಬಿ ಸಾಲ ಮಾಡಿ ದ್ರಾಕ್ಷಿ ಹಾಕಿದ್ದರು. ವೈನ್ ಕೊಳ್ಳುವವರಿಲ್ಲದೆ ಮುಳುಗಿದರು. ರೋಮ್‌ನಲ್ಲಿ ಕೂತವರು ಫ್ರಾನ್ಸಿಗೆ ಪಾಠ ಕಲಿಸಲು ಹೊರಟರು, ಪುಲಿಯಾದ ರೈತ ಹಡಗಿನ ಟಿಕೆಟ್ ಕೊಂಡ. ಜನ ಹೋದದ್ದರಿಂದ ನೀತಿ ಹುಟ್ಟಿತು ಅಂತ ಮಾತ್ರ ಹೇಳುವವರು ಈ ಕಡೆಯನ್ನು ಮರೆಯುತ್ತಾರೆ.

ಆಗ ಪ್ರಧಾನಿಯಾಗಿದ್ದವರು ಸಿಸಿಲಿಯ ಫ್ರಾನ್ಸೆಸ್ಕೊ ಕ್ರಿಸ್ಪಿ. ಜನ ಪರರ ನೆಲಕ್ಕೆ ಹೋಗಿ ದುಡಿಯುವ ಬದಲು ನಮ್ಮದೇ ಧ್ವಜದ ಕೆಳಗಿನ ನೆಲಕ್ಕೆ ಹೋಗಲಿ ಎಂಬುದು ಅವರ ವಾದ. ಆ ವಾದದಿಂದಲೇ ಪೂರ್ವ ಆಫ್ರಿಕಾದ ಎರಿಟ್ರಿಯಾ ವಸಾಹತಿಗೆ ಸಮರ್ಥನೆ ಹುಟ್ಟಿತು. ಅಲ್ಲಿಗೆ ರೈತರು ಹೋದದ್ದು ಬೆರಳೆಣಿಕೆಯಷ್ಟು. ಕೊನೆಗೆ 1896ರ ಮಾರ್ಚ್ 1ರಂದು ಅಡುವಾದಲ್ಲಿ ಎರಡನೇ ಮೆನೆಲಿಕ್‌ನ ಇಥಿಯೋಪಿಯಾ ಸೇನೆ ಇಟಲಿಯ ಸಾವಿರಾರು ಸೈನಿಕರನ್ನು ಕೊಂದು ಹಾಕಿತು. ಕ್ರಿಸ್ಪಿಯ ಅಧಿಕಾರವೂ ಹೋಯಿತು. ಅದೇ ವರ್ಷಗಳಲ್ಲಿ ಲಕ್ಷಾಂತರ ಜನ ಯಾವ ಧ್ವಜದ ಗೊಡವೆಯೂ ಇಲ್ಲದೆ ಬ್ಯೂನಸ್ ಐರಿಸ್, ಸಾವೊ ಪಾಲೊ, ನ್ಯೂಯಾರ್ಕ್ ಸೇರುತ್ತಿದ್ದರು. 1900ರಲ್ಲಿ ಯುವ ಅರ್ಥಶಾಸ್ತ್ರಜ್ಞ ಲೂಯಿಜಿ ಎಯ್ನೌದಿ ಇದನ್ನೇ ಎತ್ತಿ ತೋರಿಸಿದರು. ಫಿರಂಗಿಯಿಂದ ಆಗದ್ದನ್ನು ವ್ಯಾಪಾರಿಗಳು, ದುಡಿಯುವವರು ಅರ್ಜೆಂಟೀನಾದಲ್ಲಿ ಮಾಡಿದ್ದಾರೆ ಎಂಬುದು ಅವರ ಮಾತಿನ ಸಾರ. ಮುಂದೆ ಇವರೇ ಇಟಲಿಯ ರಾಷ್ಟ್ರಪತಿಯಾದರು.

ಹೋದವರಿಗೆ ಹೊರಗೆ ಏನಾಗುತ್ತಿತ್ತು ಎಂಬುದೂ ರಾಯಭಾರಿಗಳ ತಲೆನೋವಾಯಿತು. 1891ರ ಮಾರ್ಚ್ 14ರಂದು ನ್ಯೂ ಓರ್ಲಿಯನ್ಸ್‌ನಲ್ಲಿ ಗುಂಪೊಂದು ಜೈಲಿಗೆ ನುಗ್ಗಿ 11 ಇಟಾಲಿಯನ್ನರನ್ನು ಕೊಂದಿತು. ಪೊಲೀಸ್ ಮುಖ್ಯಸ್ಥನ ಕೊಲೆ ಆರೋಪ ಅವರ ಮೇಲಿತ್ತು. ಹಿಂದಿನ ದಿನವಷ್ಟೇ ವಿಚಾರಣೆ ಮುಗಿದಿತ್ತು, ಯಾರೊಬ್ಬರ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ಇಟಲಿ ತನ್ನ ರಾಯಭಾರಿಯನ್ನು ವಾಷಿಂಗ್ಟನ್‌ನಿಂದ ವಾಪಸ್ ಕರೆಸಿತು. ಮರುವರ್ಷ ಅಮೆರಿಕ 25,000 ಡಾಲರ್ ಪರಿಹಾರ ಕೊಟ್ಟ ಮೇಲೆ ಸಂಬಂಧ ಸರಿಹೋಯಿತು. 1893ರಲ್ಲಿ ದಕ್ಷಿಣ ಫ್ರಾನ್ಸಿನ ಏಗ್-ಮೋರ್ತ್‌ನಲ್ಲಿ ಉಪ್ಪಿನ ಗದ್ದೆಗೆ ಕೂಲಿಗೆ ಹೋಗಿದ್ದ ಇಟಾಲಿಯನ್ನರನ್ನು ಅಟ್ಟಾಡಿಸಿ ಕೊಂದರು. ರೋಮ್‌ನಲ್ಲಿ ಜನ ಫ್ರೆಂಚ್ ರಾಯಭಾರ ಕಚೇರಿಗೆ ಮುತ್ತಿಗೆ ಹಾಕಿದರು.

ಇಷ್ಟೆಲ್ಲ ಆದ ಮೇಲೆ, 1901ರಲ್ಲಿ, ಇಟಲಿ ಒಂದು ಒಳ್ಳೆಯ ಕೆಲಸ ಮಾಡಿತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮರ್ಯಾದೆಯ ಕೆಲಸ ಅದೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಲ್ಲಿಯವರೆಗೆ ವಲಸೆ ಎಂದರೆ ದಲ್ಲಾಳಿಗಳ ದಂಧೆ. ಹಳ್ಳಿಗೆ ಬಂದು, ಬ್ರೆಜಿಲ್‌ನಲ್ಲಿ ಭೂಮಿ ಸುಮ್ನೆ ಕೊಡ್ತಾರೆ ಎಂದು ಹೇಳಿ, ಕಮಿಷನ್ ಹೊಡೆದು ಹಡಗು ಹತ್ತಿಸುವವರು. 1901ರ ಕಾನೂನು ಈ ಏಜೆಂಟರ ವ್ಯವಸ್ಥೆಯನ್ನೇ ರದ್ದು ಮಾಡಿತು. ಲೈಸೆನ್ಸ್ ಇದ್ದ ಹಡಗು ಕಂಪನಿಗಳು ಮಾತ್ರ ಟಿಕೆಟ್ ಮಾರಬೇಕು, ತಪ್ಪಾದರೆ ಹೊಣೆಯೂ ಅವರದೇ. ವಿದೇಶಾಂಗ ಸಚಿವಾಲಯದ ಅಡಿಯಲ್ಲಿ ವಲಸೆಗೆಂದೇ ಒಂದು ಪ್ರಧಾನ ಆಯುಕ್ತರ ಕಚೇರಿ ತೆರೆಯಿತು. ಪ್ರತಿ ವಲಸಿಗನ ತಲೆಗೆ ಹಡಗು ಕಂಪನಿ 8 ಲೀರಾ ಕಟ್ಟಬೇಕು. ಆ ಹಣದಿಂದ ಬಂದರುಗಳಲ್ಲಿ ತಪಾಸಣೆ, ಹಡಗಿನಲ್ಲಿ ಸರ್ಕಾರಿ ವೈದ್ಯ, ಹೊರದೇಶದಲ್ಲಿ ನೆರವು. ಹಡಗಿನ ಕೆಳ ಅಂತಸ್ತಿನಲ್ಲಿ ಕುರಿಗಳ ಹಾಗೆ ತುಂಬಿಸಿಕೊಂಡು ಹೋಗುತ್ತಿದ್ದವರ ಊಟ ಏನು, ಮಲಗಲು ಎಷ್ಟು ಜಾಗ, ಕಾಯಿಲೆ ಬಿದ್ದವರೆಷ್ಟು ಎಂದು ಬರೆದು ವರದಿ ಕೊಡಲು ಸರ್ಕಾರದ ಒಬ್ಬ ಮನುಷ್ಯ ಅದೇ ಹಡಗಿನಲ್ಲಿ ಇದ್ದ ಎಂದರೆ ಅದು ಸಣ್ಣ ಸಂಗತಿಯಲ್ಲ.

ಅದೇ ವರ್ಷ ಇನ್ನೊಂದು ಕಾನೂನು. ಹೊರಗೆ ದುಡಿದವರು ಊರಿಗೆ ಕಳಿಸುವ ಹಣವನ್ನು ಸಾಗಿಸುವ ಕೆಲಸ ಬ್ಯಾಂಕೊ ದಿ ನಾಪೊಲಿಗೆ ವಹಿಸಿತು. ಅಲ್ಲಿಯವರೆಗೆ ನ್ಯೂಯಾರ್ಕಿನ ಬೀದಿಯಲ್ಲಿ ಬ್ಯಾಂಕ್ ಎಂದು ಬೋರ್ಡ್ ಹಾಕಿಕೊಂಡ ಅಂಗಡಿಯವರಿಗೆ ಕೂಡಿಟ್ಟ ಡಾಲರ್ ಕೊಟ್ಟು, ಆತ ರಾತ್ರೋರಾತ್ರಿ ಬಾಗಿಲು ಹಾಕಿ ಹೋದರೆ ಕೇಳುವವರಿರಲಿಲ್ಲ. ಈ ಹಣ ಬರೀ ಮನೆ ಖರ್ಚಿಗೆ ಹೋಗಲಿಲ್ಲ. ಇಟಲಿ ಹೊರಗಿನಿಂದ ಕೊಳ್ಳುತ್ತಿದ್ದ ಕಲ್ಲಿದ್ದಲು, ಯಂತ್ರ, ಹತ್ತಿಗೆ ಬೇಕಾದ ವಿದೇಶಿ ಹಣದಲ್ಲಿ ದೊಡ್ಡ ಪಾಲು ಹೀಗೇ ಬಂತು. ಮಿಲಾನ್, ಟ್ಯೂರಿನ್ ಕಾರ್ಖಾನೆಗಳ ಹೊಗೆಯ ಹಿಂದೆ ಬ್ರೂಕ್ಲಿನ್‌ನಲ್ಲಿ ಗುಂಡಿ ತೋಡಿದವನ ಬೆವರಿದೆ. ಗಲ್ಫ್ ಹಣ ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕಚೇರಿ ಕೈಯಲ್ಲಿದ್ದಾಗ ಇಟಲಿ ಬೇರೆ ದೇಶಗಳಿಗೆ 'ಇಲ್ಲ' ಎಂದು ಹೇಳಲೂ ಕಲಿಯಿತು. ಬ್ರೆಜಿಲ್ 1888ರಲ್ಲಿ ಗುಲಾಮಗಿರಿ ನಿಲ್ಲಿಸಿತ್ತು. ಕಾಫಿ ತೋಟಗಳಿಗೆ ಕೈಗಳು ಬೇಕಿದ್ದವು. ಟಿಕೆಟ್ ದುಡ್ಡು ತಾನೇ ಕೊಟ್ಟು ಇಟಲಿಯ ಕುಟುಂಬಗಳನ್ನು ಕರೆಸಿಕೊಂಡಿತು. ತೋಟದ ಮಾಲೀಕರಿಗೆ ಗುಲಾಮರನ್ನು ನೋಡಿ ರೂಢಿ. ಕೂಲಿ ಹಿಡಿದಿಡುವುದು, ತೋಟದ ಅಂಗಡಿಯ ಸಾಲದಲ್ಲಿ ಸಿಕ್ಕಿಸುವುದು ಮಾಮೂಲಾಯಿತು. ವರದಿಗಳು ಬಂದ ಮೇಲೆ, 1902ರ ಮಾರ್ಚ್‌ನಲ್ಲಿ, ವಿದೇಶಾಂಗ ಸಚಿವ ಪ್ರಿನೆಟ್ಟಿಯ ಕಾಲದಲ್ಲಿ, ಟಿಕೆಟ್ ಕೊಟ್ಟು ಕರೆದೊಯ್ಯುವ ಈ ಪದ್ಧತಿಯನ್ನು ಇಟಲಿ ನಿಷೇಧಿಸಿತು. 1911ರಲ್ಲಿ ಇನ್ನೊಂದು ಸಲ. ಇಟಲಿಯಲ್ಲಿ ಕಾಲರಾ ಇದೆ, ನಮ್ಮ ವೈದ್ಯರು ನಿಮ್ಮ ಹಡಗು ಹತ್ತಿ ತಪಾಸಣೆ ಮಾಡುತ್ತಾರೆ ಎಂದು ಅರ್ಜೆಂಟೀನಾ ಹಟ ಹಿಡಿಯಿತು. ಇಟಲಿ ಆ ದೇಶಕ್ಕೆ ವಲಸೆಯನ್ನೇ ಒಂದು ವರ್ಷ ನಿಲ್ಲಿಸಿತು. ಸುಗ್ಗಿಗೆ ಆಳಿಲ್ಲದಿದ್ದರೆ ನೋವು ಯಾರಿಗೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. 1912ರಲ್ಲಿ ಒಪ್ಪಂದವಾಯಿತು.

ನಿಮ್ಮ ಮಗನ ಗೆಳೆಯನ ಕಥೆ ಶುರುವಾಗುವುದೂ 1912ರಲ್ಲೇ. ಆ ವರ್ಷದ ಪೌರತ್ವ ಕಾನೂನು, ರಕ್ತಸಂಬಂಧದಿಂದ ಪೌರತ್ವ ಎಂಬ ಹಳೆಯ ನಿಯಮವನ್ನು ಇನ್ನಷ್ಟು ಗಟ್ಟಿ ಮಾಡಿತು. ಅರ್ಜೆಂಟೀನಾದಲ್ಲಿ ಹುಟ್ಟಿದ ಮಗು ಆ ನೆಲದ ಕಾನೂನಿನಿಂದ ಅಲ್ಲಿನ ಪ್ರಜೆ. ಅಪ್ಪ ಇಟಲಿಯವನಾದರೆ ಇಟಲಿಯ ಪ್ರಜೆಯೂ ಹೌದು. ಇದು ಬರೀ ಮಮತೆಯಿಂದ ಮಾಡಿದ್ದಲ್ಲ. ಬ್ರೆಜಿಲ್ 1889ರಲ್ಲಿ ಒಂದೇ ಆಜ್ಞೆಯಿಂದ, ಬೇಡ ಎಂದು ಬರೆದುಕೊಡದ ವಿದೇಶೀಯರನ್ನೆಲ್ಲ ತನ್ನ ಪ್ರಜೆಗಳೆಂದು ಘೋಷಿಸಿತ್ತು. ಇಟಲಿ ಅದನ್ನು ಒಪ್ಪಿರಲಿಲ್ಲ. ದೂರ ಹೋದ ಮಕ್ಕಳು ಕೈತಪ್ಪಿ ಹೋಗಬಾರದು, ಹಣ ಬರುತ್ತಿರಬೇಕು, ಬೇಕಾದಾಗ ಸೈನ್ಯಕ್ಕೆ ಕರೆಯಬೇಕು. ಕರೆದದ್ದೂ ಆಯಿತು. ಮೊದಲ ಮಹಾಯುದ್ಧಕ್ಕೆ ಸುಮಾರು 3 ಲಕ್ಷ ಜನ ಹೊರದೇಶಗಳಿಂದ ವಾಪಸ್ ಬಂದು ಸಮವಸ್ತ್ರ ಹಾಕಿದರು.

ಆ ಹೊತ್ತಿಗೆ ಇನ್ನೊಂದು ದನಿ ಜೋರಾಗುತ್ತಿತ್ತು. ಇಟಲಿ 'ಕೂಲಿ ರಾಷ್ಟ್ರ', ಪರರ ಮನೆಯಲ್ಲಿ ದುಡಿದು ಅವಮಾನ ಪಟ್ಟದ್ದು ಸಾಕು, ನಮಗೂ ನೆಲ ಬೇಕು ಎಂಬ ದನಿ. 1911ರಲ್ಲಿ ಲಿಬಿಯಾ ಮೇಲೆ ಯುದ್ಧಕ್ಕೆ ಹೋದಾಗ ದೊಡ್ಡ ದೊಡ್ಡ ಕವಿಗಳೂ ಇದೇ ಮಾತು ಆಡಿದರು. ವಲಸಿಗನ ಕಣ್ಣೀರು ತೋರಿಸಿ ಬೇರೆಯವರ ನೆಲ ಕಿತ್ತುಕೊಳ್ಳುವ ಈ ವಾದ ನನಗೆ ಯಾವತ್ತೂ ಕಸಿವಿಸಿ ತರುತ್ತದೆ. ನೋವು ನಿಜ, ಆದರೆ ಅದನ್ನು ತೀರಿಸಿಕೊಂಡದ್ದು ಆ ನೋವಿಗೆ ಕಾರಣರಲ್ಲದ ಲಿಬಿಯನ್ನರ ಮೇಲೆ.

ಮುಸೊಲಿನಿ ಹಿಡಿದದ್ದು ಇದೇ ಎಳೆಯನ್ನು. ಜೊತೆಗೆ ಅಮೆರಿಕವೂ ಬಾಗಿಲು ಹಾಕಿತ್ತು. 1924ರ ಕೋಟಾ ಕಾನೂನಿನಂತೆ ಇಟಲಿಗೆ ಸಿಕ್ಕಿದ್ದು ವರ್ಷಕ್ಕೆ 3,845 ಜಾಗ. 1927ರಲ್ಲಿ ಮುಸೊಲಿನಿ ಆ ವಲಸೆ ಆಯುಕ್ತರ ಕಚೇರಿಯನ್ನು ಮುಚ್ಚಿದ. ಇನ್ನು ಮೇಲೆ 'ವಲಸಿಗ' ಎಂಬ ಮಾತೇ ಬೇಡ, 'ಹೊರದೇಶದ ಇಟಾಲಿಯನ್ನರು' ಎನ್ನಿ ಎಂದಾಯಿತು. ಹೆಸರು ಬದಲಾದರೆ ಹಸಿವು ಬದಲಾಗುತ್ತದೆಯೇ? ಹೊರಗಿದ್ದವರನ್ನು ಫ್ಯಾಸಿಸ್ಟ್ ಪಕ್ಷದ ಶಾಖೆಗಳಿಗೆ ಸೇರಿಸಿಕೊಂಡರು. 1935ರಲ್ಲಿ ಇಥಿಯೋಪಿಯಾ ಮೇಲೆ ದಾಳಿ ಮಾಡಿದಾಗ ಅಮೆರಿಕದಲ್ಲಿದ್ದ ಇಟಾಲಿಯನ್ ಹೆಂಗಸರು ಕೂಡ ತಮ್ಮ ಮದುವೆಯ ಚಿನ್ನದ ಉಂಗುರ ಬಿಚ್ಚಿ ಕೊಟ್ಟರು. 1938ರಲ್ಲಿ ಲಿಬಿಯಾದ ಗವರ್ನರ್ ಇಟಾಲೊ ಬಾಲ್ಬೊ ಒಂದೇ ಸಲ 20,000 ರೈತರನ್ನು ಹಡಗುಗಳಲ್ಲಿ ಅಲ್ಲಿಗೆ ಸಾಗಿಸಿದ. ಅದೇ ವರ್ಷದಿಂದ, ಹಿಟ್ಲರನ ಜೊತೆಗಿನ ಒಪ್ಪಂದದಂತೆ, ಲಕ್ಷಾಂತರ ಕೂಲಿಗಳು ಜರ್ಮನಿಗೆ ಹೋದರು. ವಲಸೆ ದೇಶಕ್ಕೆ ಅವಮಾನ ಎಂದ ಸರ್ಕಾರವೇ ಅವರನ್ನು ಕಳಿಸಿತು.

ಯುದ್ಧದ ಬೆಲೆಯನ್ನೂ ಈ ಜನರೇ ತೆತ್ತರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದ ಕೂಡಲೇ ಬ್ರಿಟನ್ನಿನಲ್ಲಿ ಐಸ್‌ಕ್ರೀಂ ಅಂಗಡಿ, ಕೆಫೆ ಇಟ್ಟುಕೊಂಡಿದ್ದ ಇಟಾಲಿಯನ್ನರನ್ನು ಹಿಡಿದು ತುಂಬಿದರು. ಜುಲೈ 2ರಂದು ಅವರನ್ನು ಕೆನಡಾಕ್ಕೆ ಒಯ್ಯುತ್ತಿದ್ದ ಅರಂಡೋರಾ ಸ್ಟಾರ್ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. 400ಕ್ಕೂ ಹೆಚ್ಚು ಇಟಾಲಿಯನ್ನರು ಸತ್ತರು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿ ಸೈನಿಕರಲ್ಲಿ ಸಾವಿರಾರು ಮಂದಿ ನಮ್ಮ ಬೆಂಗಳೂರಿನ ಜಾಲಹಳ್ಳಿಯ ಶಿಬಿರಗಳಲ್ಲಿ ಯುದ್ಧ ಮುಗಿಯುವುದನ್ನು ಕಾದರು.

ಈಗ ನಿಮ್ಮ ಮಗನ ಊರಿಗೆ ಬರುತ್ತೇನೆ. ಮಿಲಾನ್‌ನ ಸೆಂಟ್ರಲ್ ಸ್ಟೇಷನ್ ಅವನು ದಿನಾ ನೋಡುತ್ತಿರಬಹುದು. ಆ ಭಾರೀ ಕಟ್ಟಡದ ಕೆಳಗೆ ನೆಲಮಾಳಿಗೆಗಳಿವೆ. 1946ರ ನಂತರ ಬೆಲ್ಜಿಯಂ ಗಣಿಗಳಿಗೆ ಹೊರಟವರನ್ನು ಅಲ್ಲಿ ಇಳಿಸಿ ವೈದ್ಯಕೀಯ ತಪಾಸಣೆ ಮಾಡುತ್ತಿದ್ದರು. ಬೆಲ್ಜಿಯಂನ ವೈದ್ಯರು ಎದೆ, ಹಲ್ಲು, ತೋಳು ನೋಡುತ್ತಿದ್ದರು. ಪಾಸಾದವರಿಗೆ ರೈಲು, ಆಗದವರಿಗೆ ವಾಪಸ್ ಊರು. ಹಳ್ಳಿಗಳಲ್ಲಿ ಗುಲಾಬಿ ಬಣ್ಣದ ಪೋಸ್ಟರ್‌ಗಳನ್ನು ಅಂಟಿಸಿದ್ದರು. ಒಳ್ಳೆ ಸಂಬಳ, ರಜೆ, ಕುಟುಂಬಕ್ಕೆ ಭತ್ಯೆ, ಮನೆ ಎಂದೆಲ್ಲ ಅದರಲ್ಲಿತ್ತು. ನೆಲದಿಂದ ಸಾವಿರ ಮೀಟರ್ ಕೆಳಗೆ ಇಳಿಯಬೇಕು ಎಂಬುದು ಅದರಲ್ಲಿ ಎದ್ದು ಕಾಣುತ್ತಿರಲಿಲ್ಲ.

ಇದರ ಹಿಂದೆ 1946ರ ಜೂನ್ 23ರ ಒಪ್ಪಂದ ಇತ್ತು. ಯುದ್ಧ ಸೋತ ಇಟಲಿ ವಾರಕ್ಕೆ 2,000ದಂತೆ 50,000 ಕೆಲಸಗಾರರನ್ನು ಕಳಿಸಬೇಕು. ಬೆಲ್ಜಿಯಂ ಇಟಲಿಗೆ ಕಲ್ಲಿದ್ದಲು ಮಾರಬೇಕು. ಕಲ್ಲಿದ್ದಲಿನ ಪ್ರಮಾಣ, ಕಳಿಸಿದ ಜನರ ಸಂಖ್ಯೆಯ ಮೇಲೆ. ಒಬ್ಬ ಮನುಷ್ಯನಿಗೆ ದಿನಕ್ಕೆ 200 ಕಿಲೊ ಕಲ್ಲಿದ್ದಲು ಎಂದು ಆ ಗಣಿ ಕುಟುಂಬಗಳು ಇವತ್ತಿಗೂ ಹೇಳುತ್ತವೆ. ಒಪ್ಪಂದದ ಬೆಲೆಯನ್ನು ಅವರು ಅರ್ಥ ಮಾಡಿಕೊಂಡದ್ದು ಹಾಗೆ. ಉಳಿಯಲು ಕೊಟ್ಟದ್ದು ಯುದ್ಧಕೈದಿಗಳಿದ್ದ ತಗಡಿನ ಶೆಡ್‌ಗಳು. ಹನ್ನೆರಡು ತಿಂಗಳ ಕರಾರು. ಗಣಿಗೆ ಇಳಿಯಲು ಹೆದರಿ ಬಿಟ್ಟವರನ್ನು ಪೊಲೀಸರು ಹಿಡಿದು, ಕೂಡಿಟ್ಟು, ಗಡೀಪಾರು ಮಾಡಿದ್ದೂ ಉಂಟು. ಪ್ರಧಾನಿ ದೆ ಗ್ಯಾಸ್ಪೆರಿ ಕೆಟ್ಟವರಾಗಿರಲಿಲ್ಲ. ಕಾರ್ಖಾನೆಗೆ ಕಲ್ಲಿದ್ದಲಿಲ್ಲ, ಬೀದಿ ತುಂಬ ನಿರುದ್ಯೋಗಿಗಳು, ಎರಡೂ ಸಮಸ್ಯೆ ಒಂದೇ ಸಹಿಯಲ್ಲಿ ತೀರುತ್ತದೆ ಎಂದುಕೊಂಡರು. ಆದರೆ 1901ರಲ್ಲಿ ಹಡಗಿನ ಗಂಜಿಯನ್ನೂ ತಪಾಸಣೆ ಮಾಡಿದ ದೇಶ 1946ರಲ್ಲಿ ಗಣಿಯ ಸುರಕ್ಷತೆಯ ಬಗ್ಗೆ ಗಟ್ಟಿಯಾಗಿ ಕೇಳಲಿಲ್ಲ. ಅದನ್ನು ನಾನು ಕ್ಷಮಿಸಲಾರೆ.

1956ರ ಆಗಸ್ಟ್ 8, ಬೆಳಿಗ್ಗೆ 8 ದಾಟಿತ್ತು. ಬೆಲ್ಜಿಯಂನ ಮಾರ್ಸಿನೆಲ್‌ನ ಬ್ವಾ ದು ಕಾಜಿಯೆ ಗಣಿ. 975 ಮೀಟರ್ ಆಳದಲ್ಲಿ ಕಲ್ಲಿದ್ದಲು ಬಂಡಿಯೊಂದು ಲಿಫ್ಟ್ ಪಂಜರದೊಳಗೆ ಪೂರ್ತಿ ಕೂರದೆ ಹೊರಚಾಚಿಕೊಂಡಿತ್ತು. ಅಷ್ಟರಲ್ಲಿ ಪಂಜರ ಮೇಲೆದ್ದಿತು. ಚಾಚಿದ ತುದಿ ತೊಲೆಗೆ ಬಡಿದು ಎಣ್ಣೆಯ ಕೊಳವೆ, ಕರೆಂಟಿನ ಕೇಬಲ್, ಗಾಳಿಯ ಪೈಪ್ ಎಲ್ಲ ಒಟ್ಟಿಗೆ ಹರಿದುಹೋದವು. ಎಣ್ಣೆಗೆ ಕಿಡಿ, ಬೆಂಕಿಗೆ ಗಾಳಿ. ಸುತ್ತ ಮರದ ದಿಮ್ಮಿಗಳ ಆಧಾರ. ಅವತ್ತು ಕೆಳಗೆ ಇಳಿದಿದ್ದ 275 ಜನರಲ್ಲಿ 262 ಮಂದಿ ಸತ್ತರು. ಅವರಲ್ಲಿ 136 ಇಟಾಲಿಯನ್ನರು. ಗಣಿಯ ಕಬ್ಬಿಣದ ಗೇಟಿನ ಸರಳು ಹಿಡಿದು ಹೆಂಗಸರು, ಮಕ್ಕಳು ಎರಡು ವಾರ ಕಾದರು. ಆ ಫೋಟೊಗಳಲ್ಲಿ ಮುಖಗಳಿಗಿಂತ ಜಾಸ್ತಿ ಕಣ್ಣಿಗೆ ಬೀಳುವುದು ಸರಳು ಹಿಡಿದ ಬೆರಳುಗಳು. ಕೊನೆಗೆ ಕೆಳಗಿಂದ ಬಂದ ರಕ್ಷಣಾ ಕೆಲಸಗಾರ ಇಟಾಲಿಯನ್‌ನಲ್ಲಿ ಎರಡೇ ಪದ ಹೇಳಿದ: 'ತುತ್ತಿ ಕದಾವೆರಿ'. ಎಲ್ಲ ಹೆಣಗಳು ಎಂದು ಅರ್ಥ.

ಇಟಲಿ ಬೆಲ್ಜಿಯಂ ಗಣಿಗಳಿಗೆ ಜನ ಕಳಿಸುವುದನ್ನು ನಿಲ್ಲಿಸಿತು. ಹತ್ತು ವರ್ಷ ತಡವಾಗಿ.

ಇದೇ ವರ್ಷಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಇದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಇವತ್ತು ಯುರೋಪ್ ಒಕ್ಕೂಟದ ಯಾವ ಪ್ರಜೆ ಬೇಕಾದರೂ ಯಾವ ದೇಶದಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಲ್ವಾ? ಈ ಹಕ್ಕು ಯಾರೋ ಆದರ್ಶವಾದಿಗಳ ಕನಸಿನಿಂದ ಮಾತ್ರ ಬಂದದ್ದಲ್ಲ. ಪ್ರತಿ ಮಾತುಕತೆಯಲ್ಲೂ ಇಟಲಿ ಪಟ್ಟು ಹಿಡಿದು ಕೇಳಿದ್ದು ಇದನ್ನೇ. 1951ರ ಕಲ್ಲಿದ್ದಲು-ಉಕ್ಕು ಒಪ್ಪಂದದಲ್ಲಿ ಗಣಿ, ಉಕ್ಕಿನ ನುರಿತ ಕೆಲಸಗಾರರಿಗೆ ಮಾತ್ರ ಸ್ವಲ್ಪ ದಾರಿ ಸಿಕ್ಕಿತು. ಒಕ್ಕೂಟಕ್ಕೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದದಲ್ಲಿ ಎಲ್ಲ ಕೆಲಸಗಾರರಿಗೂ ತತ್ವದ ಮಟ್ಟಿಗೆ ಸಿಕ್ಕಿತು. 1968ರ ನಿಯಮದಿಂದ ಅದು ಪೂರ್ತಿ ಜಾರಿಯಾಯಿತು. ಬೇರೆ ದೇಶಗಳು ಕಲ್ಲಿದ್ದಲು, ಉಕ್ಕು, ಹೊಲದ ಬೆಳೆ ಮುಂದಿಟ್ಟುಕೊಂಡು ಮಾತಾಡಿದರೆ ಇಟಲಿ ಮುಂದಿಟ್ಟದ್ದು ತನ್ನ ಕೂಲಿಗಳನ್ನು. ಈ ಸಲ ತೂಕಕ್ಕೆ ಅಲ್ಲ, ಹಕ್ಕಿಗೆ. ಜರ್ಮನಿ 1955ರಲ್ಲಿ ಹೊರದೇಶದ ಕೆಲಸಗಾರರಿಗಾಗಿ ಮಾಡಿಕೊಂಡ ಮೊದಲ ಒಪ್ಪಂದವೂ ಇಟಲಿ ಜೊತೆಗೇ. ಒಕ್ಕೂಟದ ಹೊರಗಿದ್ದ ಸ್ವಿಟ್ಜರ್ಲೆಂಡಿನಲ್ಲಿ ಈ ಹಕ್ಕು ಇರಲಿಲ್ಲ. ಅಲ್ಲಿ ವರ್ಷದ ಕೆಲವು ತಿಂಗಳಿಗಷ್ಟೇ ಪರ್ಮಿಟ್ ಇದ್ದ ಕೆಲಸಗಾರರು ಮಕ್ಕಳನ್ನು ತರುವಂತಿರಲಿಲ್ಲ. ತಂದವರು ಅಪಾರ್ಟ್‌ಮೆಂಟಿನೊಳಗೆ ಬಚ್ಚಿಟ್ಟು, ಸದ್ದು ಮಾಡಬೇಡ ಎಂದು ಹೇಳಿ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಕಾಗದದ ಸಹಿ ಮಗುವಿನ ಆಟವನ್ನು ಎಷ್ಟು ಬದಲಿಸುತ್ತದೆ ನೋಡಿ.

ಹೊರಗಿನ ಇಟಾಲಿಯನ್ನರು ಇಟಲಿಯ ರಾಜಕೀಯವನ್ನು ಬದಲಿಸಿದ್ದೂ ಇದೆ. 1948ರ ಚುನಾವಣೆಯಲ್ಲಿ ಕಮ್ಯುನಿಸ್ಟರಿಗೆ ಮತ ಹಾಕಬೇಡಿ ಎಂದು ಅಮೆರಿಕದಿಂದ ನೆಂಟರಿಗೆ ರಾಶಿ ರಾಶಿ ಕಾಗದ ಬಂದವು. 2001ರ ಕಾನೂನಿನಿಂದ ಅವರಿಗೆ ತಾವಿದ್ದಲ್ಲಿಂದಲೇ ಮತ ಹಾಕುವ ಹಕ್ಕು, ಸಂಸತ್ತಿನಲ್ಲಿ 18 ಸ್ಥಾನ ಸಿಕ್ಕಿತು. 2006ರಲ್ಲಿ ಸೆನೆಟ್‌ನಲ್ಲಿ ಪ್ರಧಾನಿ ಪ್ರೋದಿಯ ಸರ್ಕಾರದ ಬಹುಮತ ನಿಂತದ್ದೇ ಹೊರದೇಶದ ಸ್ಥಾನಗಳ ಮೇಲೆ. ಈಗ ಆ ಸ್ಥಾನಗಳು 12.

1970ರ ದಶಕದಲ್ಲಿ ಗಾಳಿ ತಿರುಗಿತು. ಹೋಗುವವರಿಗಿಂತ ಬರುವವರು ಜಾಸ್ತಿಯಾದರು. ತಿರುಗಿದ್ದು ಕಣ್ಣಿಗೆ ಬಿದ್ದದ್ದು 1991ರಲ್ಲಿ. ವ್ಲೋರಾ ಎಂಬ ಹಡಗು ಸುಮಾರು 20,000 ಅಲ್ಬೇನಿಯನ್ನರನ್ನು ಹೊತ್ತು ಇಟಲಿಯ ಬಾರಿ ಎಂಬ ಊರಿನ ಬಂದರಿಗೆ ಬಂತು. ತಾರೀಖು ಆಗಸ್ಟ್ 8, ಮಾರ್ಸಿನೆಲ್ ದುರಂತಕ್ಕೆ ಸರಿಯಾಗಿ 35 ವರ್ಷ. ಅವರನ್ನು ಒಂದು ಸ್ಟೇಡಿಯಂನಲ್ಲಿ ಕೂಡಿಹಾಕಿ, ಹೆಚ್ಚಿನವರನ್ನು ವಾಪಸ್ ಕಳಿಸಿದರು.

ಅಲ್ಲಿಂದ ಮುಂದೆ ನಡೆದದ್ದು ಹಳೆಯ ಲೆಕ್ಕವೇ, ತಲೆಕೆಳಗಾಗಿ. ಮೊದಲು ಜನರನ್ನು ತೆಗೆದುಕೊಳ್ಳಿ ಎಂದು ಒಪ್ಪಂದ ಮಾಡುತ್ತಿದ್ದ ದೇಶ ಈಗ ಜನರನ್ನು ತಡೆಯಿರಿ ಎಂದು ಒಪ್ಪಂದ ಮಾಡಿತು. 2008ರಲ್ಲಿ ಬೆಂಗಾಜಿಯಲ್ಲಿ ಲಿಬಿಯಾದ ಗಡಾಫಿ ಜೊತೆ ಸಹಿಯಾಯಿತು. ಹಳೆಯ ವಸಾಹತಿನ ತಪ್ಪಿಗೆ ಪರಿಹಾರವೆಂದು 20 ವರ್ಷಗಳಲ್ಲಿ 500 ಕೋಟಿ ಡಾಲರ್. ಲಿಬಿಯಾ ದೋಣಿಗಳನ್ನು ತಡೆಯಬೇಕು. ಸಮುದ್ರದಲ್ಲೇ ಹಿಡಿದು ಲಿಬಿಯಾಕ್ಕೆ ವಾಪಸ್ ಒಯ್ದದ್ದು ತಪ್ಪು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ತೀರ್ಪು ಕೊಟ್ಟಿತು. 2013ರ ಅಕ್ಟೋಬರ್ 3ರಂದು ಇಟಲಿಯ ಲ್ಯಾಂಪೆಡೂಸಾ ದ್ವೀಪದ ಬಳಿ 368 ಜನ ಮುಳುಗಿ ಸತ್ತರು. ಬಹುಪಾಲು ಎರಿಟ್ರಿಯಾದವರು. ಹೌದು, ಕ್ರಿಸ್ಪಿ ತನ್ನ ರೈತರನ್ನು ಕಳಿಸಲು ಹೊರಟಿದ್ದ ಅದೇ ಎರಿಟ್ರಿಯಾ. ಆ ನಂತರ ಇಟಲಿಯ ನೌಕಾಪಡೆ ಒಂದು ವರ್ಷ ಸಾವಿರಾರು ಜನರನ್ನು ಎತ್ತಿ ಉಳಿಸಿತು, ಅದನ್ನೂ ಹೇಳಬೇಕು. 2017ರಲ್ಲಿ ಮತ್ತೆ ಲಿಬಿಯಾ ಜೊತೆ ಒಪ್ಪಂದ. ನೀವು ಓದಿದ ಅಲ್ಬೇನಿಯಾದ್ದು ಇದರ ಮುಂದಿನ ಮೆಟ್ಟಿಲು. ಅದಕ್ಕೆ ರೋಮ್‌ನ ನ್ಯಾಯಾಲಯಗಳು 2024ರಲ್ಲಿ ತಡೆ ಹಾಕಿದವು.

ನಿಮ್ಮ ಮಗನ ಗೆಳೆಯನಿಗೆ ಇಷ್ಟು ಹೇಳಬಹುದು. 2025ರ ಮಾರ್ಚ್ 28ರ ಆಜ್ಞೆ ಮೇ ತಿಂಗಳಲ್ಲಿ ಕಾನೂನಾಯಿತು. ಹೊರದೇಶದಲ್ಲಿ ಹುಟ್ಟಿ ಅಲ್ಲಿನ ಪೌರತ್ವ ಇರುವವರಿಗೆ, ಅಪ್ಪ-ಅಮ್ಮ ಅಥವಾ ಅಜ್ಜ-ಅಜ್ಜಿಯಲ್ಲಿ ಒಬ್ಬರು ಬರೀ ಇಟಲಿಯ ಪೌರತ್ವ ಹೊಂದಿದ್ದವರಾಗಿರಬೇಕು ಎಂಬುದು ಈಗಿನ ಮುಖ್ಯ ಷರತ್ತು. ಮುತ್ತಜ್ಜನ ಲೆಕ್ಕ ನಡೆಯುವುದಿಲ್ಲ. ಮಾರ್ಚ್ 27ರೊಳಗೆ ಅರ್ಜಿ ಹಾಕಿದ್ದವರಿಗೆ ಹಳೆಯ ನಿಯಮವೇ. ಅವನು ಕಾನ್ಸುಲೇಟ್‌ಗೆ ಅರ್ಜಿ ಕೊಟ್ಟಿದ್ದರೆ ಅದರ ತಾರೀಖನ್ನು ಮೊದಲು ನೋಡಿಕೊಳ್ಳಲಿ. ಮುತ್ತಜ್ಜನ ರಕ್ತದ ಮೇಲೆ ಹಕ್ಕು ಸಾಧಿಸಿದ್ದ ಸರ್ಕಾರವೇ ಈಗ ಮುತ್ತಜ್ಜ ಬಹಳ ದೂರದವನು ಎನ್ನುತ್ತಿದೆ. ಹುಡುಗನಿಗೆ ಬೇಜಾರಾಗುವುದು ಸಹಜ. ಅವನ ಜಾಗದಲ್ಲಿ ನಾನಿದ್ದರೆ ನನಗೂ ಆಗುತ್ತಿತ್ತು.

ನಿಮ್ಮ ಮಗನೂ ಇಂಥದೊಂದು ಒಪ್ಪಂದದೊಳಗೆ ಇದ್ದಾನೆ. 2023ರ ನವೆಂಬರ್ 2ರಂದು ರೋಮ್‌ನಲ್ಲಿ ಜೈಶಂಕರ್ ಮತ್ತು ತಜಾನಿ ವಲಸೆ ಮತ್ತು ಸಂಚಾರ ಒಪ್ಪಂದಕ್ಕೆ ಸಹಿ ಹಾಕಿದರು. ಇಟಲಿಯಲ್ಲಿ ಓದು ಮುಗಿಸಿದ ಭಾರತೀಯ ವಿದ್ಯಾರ್ಥಿಗಳು ಕೆಲಸದ ಅನುಭವಕ್ಕಾಗಿ 12 ತಿಂಗಳವರೆಗೆ ಉಳಿಯಲು ಅನುಮತಿ ಪಡೆಯಬಹುದು ಎಂದು ಅದರಲ್ಲಿದೆ. ಹೊಲಗಳಿಗೆ, ಕಾರ್ಖಾನೆಗಳಿಗೆ ಬರುವ ನಮ್ಮ ಕೆಲಸಗಾರರಿಗೆ ಇಷ್ಟು ಜಾಗ ಎಂಬ ಲೆಕ್ಕವೂ ಇದೆ. ಇಟಲಿಯಲ್ಲಿ ಈಗ ಮಕ್ಕಳು ಹುಟ್ಟುವುದು ಕಡಿಮೆ, ದುಡಿಯುವ ಕೈಗಳು ಸಾಲುತ್ತಿಲ್ಲ. ಆ ಸಹಿಯಾಗಿ ನಾಲ್ಕೇ ದಿನಕ್ಕೆ, ನವೆಂಬರ್ 6ರಂದು, ಅದೇ ಸರ್ಕಾರ ಅದೇ ರೋಮ್‌ನಲ್ಲಿ ಅಲ್ಬೇನಿಯಾ ಜೊತೆಗಿನ ಒಪ್ಪಂದಕ್ಕೂ ಸಹಿ ಹಾಕಿತು.